ಜರ್ಮನ್ ಕಲಿತಿದ್ದೇನೆ, ಕೆಲಸ ಬಿಟ್ಟು ಬೇಲೂರಿನಲ್ಲಿ ಗೈಡ್ ಆಗಲೇ?

ಪ್ರಶ್ನೆ: ನನಗೆ 37 ವರ್ಷ, ಊರು ಹಾಸನ. 13 ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಈಗಿನ ಕಂಪನಿಗೆ ಸೇರಿ ಬರುವ ಅಕ್ಟೋಬರ್‌ಗೆ 5 ವರ್ಷ ತುಂಬುತ್ತದೆ. ನಮ್ಮ ಕ್ಲೈಂಟ್ ಜರ್ಮನಿಯವರು. ಅವರ ಜೊತೆ ಮಾತಾಡುತ್ತಾ ಆ ಭಾಷೆ ಇಷ್ಟವಾಗಿ, ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ2 ಹಂತದವರೆಗೆ ಕಲಿತೆ. ಕಳೆದ ವರ್ಷ ಅಲ್ಲಿಂದ ಬಂದ ಇಬ್ಬರನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ಅಂಥ ಖುಷಿ ಆಫೀಸಿನಲ್ಲಿ ಯಾವತ್ತೂ ಸಿಕ್ಕಿಲ್ಲ. ಕೆಲಸ ಬಿಟ್ಟು ಊರಿಗೆ ಬಂದು ಗೈಡ್ ಆಗುವ ಆಸೆ. ಗಂಡ ಹಾಸನದಲ್ಲೇ ಮೇಷ್ಟ್ರು, ಅವರು ಒಪ್ಪಿದ್ದಾರೆ. ಅಮ್ಮ ಮಾತ್ರ ‘ಇಂಜಿನಿಯರಿಂಗ್ ಓದಿ ಗೈಡ್ ಆಗ್ತೀಯೇನೇ?’ ಅಂತ ಬೇಜಾರು ಮಾಡಿಕೊಂಡಿದ್ದಾರೆ. ಏನು ಮಾಡಲಿ?

ಉತ್ತರ: ನಾನೇ ಮೊದಲು ಒಂದು ಕೇಳುತ್ತೇನೆ. ಆ ದಿನ ನಿಮಗೆ ಖುಷಿ ಕೊಟ್ಟಿದ್ದು ಯಾವುದು? ಲ್ಯಾಪ್‌ಟಾಪ್ ಇಲ್ಲದ ಒಂದು ದಿನವಾ? ಊರಿನ ಗಾಳಿಯಾ? ಅಥವಾ ನೀವು ಹೇಳಿದ್ದು ಅವರಿಗೆ ಅರ್ಥವಾಗಿ, ಅವರ ಮುಖ ಅರಳಿದ್ದಾ? ಮೊದಲಿನ ಎರಡಾದರೆ ನಿಮಗೆ ಬೇಕಿರುವುದು ಒಂದು ತಿಂಗಳ ರಜೆ. ಮೂರನೆಯದಾದರೆ ಮುಂದೆ ಮಾತಾಡೋಣ.

ಇದು ಮನೆಯಲ್ಲಿ ಕೂತು ಯೋಚಿಸಿದರೆ ಗೊತ್ತಾಗುವುದಿಲ್ಲ. ಸಂಬಳ ಬರುತ್ತಿರುವಾಗಲೇ ಏಳೆಂಟು ವಾರಾಂತ್ಯ ಇದಕ್ಕೆ ಇಡಿ. ಸ್ನೇಹಿತರು, ಆಫೀಸಿನವರು, ಅವರ ಮನೆಗೆ ಬಂದ ನೆಂಟರು, ಯಾರಾದರೂ ಸರಿ. ದುಡ್ಡು ತೆಗೆದುಕೊಳ್ಳದೆ ಸುಮ್ನೆ ಕರೆದುಕೊಂಡು ಹೋಗಿ ತೋರಿಸಿ. ಏಪ್ರಿಲ್ ಬಿಸಿಲಿನಲ್ಲೂ ಹೋಗಿ, ಆಗ ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಿಲ್ಲುವುದೇ ಕಷ್ಟ. ಎಂಟನೇ ಸಲ, ಕೇಳುವವರು ಫೋನ್ ನೋಡುತ್ತಾ ನಿಂತಿದ್ದಾಗಲೂ ನಿಮಗೆ ಹೇಳುವ ಉಮೇದು ಇದ್ದರೆ ಈ ಕೆಲಸ ನಿಮ್ಮದು.

ನಿಮ್ಮ 13 ವರ್ಷ ದಂಡ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಾವು ‘ನೋಡೋಣ’ ಅಂದರೆ ಎಷ್ಟೋ ಸಲ ‘ಆಗಲ್ಲ’ ಅಂತಲೇ ಅರ್ಥ. ಜರ್ಮನಿಯವರು ನಿಜವಾಗಿಯೂ ನೋಡುತ್ತಾರೆ ಅಂತ ನಂಬಿ, ಮುಂದಿನ ವಾರ ಏನಾಯಿತು ಅಂತ ಕೇಳುತ್ತಾರೆ. ಇದನ್ನು ನೀವು ಮೀಟಿಂಗ್‌ಗಳಲ್ಲಿ ಪೆಟ್ಟು ತಿಂದು ಕಲಿತಿರುತ್ತೀರಿ, ಅಲ್ವಾ? ದೇವಸ್ಥಾನದ ಅಂಗಳದಲ್ಲಿ ಬೇಕಾಗುವುದೂ ಇದೇ ತಿಳಿವಳಿಕೆ. ಬೇಲೂರಿನಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ಪೂಜೆಯ ಹೊತ್ತಿಗೆ ಪರದೆ ಎಳೆದರೆ ಬಂದವರು ‘ಟಿಕೆಟ್ ಇಲ್ಲದ ಜಾಗದಲ್ಲೂ ಯಾಕೆ ತಡೆಯುತ್ತಾರೆ?’ ಅನ್ನಬಹುದು. ನಾವು ನೋಡೋಕೆ ಬಂದಿರುವುದು ಊರಿನವರು ದೇವರ ಮನೆ ಅಂತ ನಡೆದುಕೊಳ್ಳುವ ಜಾಗಕ್ಕೆ ಅಂತ ಅವರ ಭಾಷೆಯಲ್ಲಿ, ಅವರಿಗೆ ಬೇಸರವಾಗದ ಹಾಗೆ ಹೇಳುವುದಿದೆಯಲ್ಲ, ಅದಕ್ಕೇ ಅವರು ನಿಮಗೆ ದುಡ್ಡು ಕೊಡುವುದು.

ಇನ್ನೊಂದು, ‘ಹೇಗೆ ಗೊತ್ತು?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ತಯಾರಾಗಿ. ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಅದನ್ನು ಶಾಸನ ಹೇಳುತ್ತದೆ. ಅಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗುತ್ತಾ ಗಟ್ಟಿಯಾಗುವ ಕಲ್ಲು ಅದು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಶಿಲ್ಪದ ಕೆಳಗೆ ಹೆಸರು ಬರೆದಿದ್ದಾರೆ. ಆ ಅಕ್ಷರಗಳನ್ನು ಬೆರಳು ತಾಗಿಸದೆ ತೋರಿಸಿ ಓದಿ ಹೇಳಿ. ಕಲೋನ್ ನಗರದ ದೊಡ್ಡ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1248ರಲ್ಲಿ. ಅದಕ್ಕಿಂತ 131 ವರ್ಷ ಮೊದಲೇ ಇಲ್ಲಿ ಪ್ರತಿಷ್ಠೆ ಮುಗಿದಿತ್ತು ಅಂದರೆ ಜರ್ಮನಿಯವರಿಗೆ ಆ ಕಾಲ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿ. ಅವರಿಗೆ ನಿಮ್ಮ ಮೇಲೆ ನಂಬಿಕೆ ಬರುವುದು ಆಗಲೇ. ನಿಮ್ಮ ಬಿ2 ಮಾತುಕತೆಗೆ ಸಾಕು. ಶಿಲ್ಪ, ಪುರಾಣ ವಿವರಿಸೋಕೆ ಸಾಲದು. ಜಗತಿ (ದೇವಸ್ಥಾನ ನಿಂತಿರುವ ಕಟ್ಟೆ), ಭುವನೇಶ್ವರಿ (ಕೆತ್ತನೆಯ ಒಳಛಾವಣಿ), ಮದನಿಕೆ (ಕಂಬದ ಮೇಲಿನ ಸುಂದರಿಯರ ಶಿಲ್ಪ), ಇವುಗಳಿಗೆ ಜರ್ಮನ್‌ನಲ್ಲಿ ಏನು ಹೇಳಬೇಕು ಅಂತ ಈಗಿನಿಂದಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಪರವಾನಗಿ ಇಲ್ಲದೆ ದುಡ್ಡು ತೆಗೆದುಕೊಂಡು ಸ್ಮಾರಕದೊಳಗೆ ಗೈಡ್ ಮಾಡಬಾರದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಇನ್‌ಕ್ರೆಡಿಬಲ್ ಇಂಡಿಯಾ’ ಆನ್‌ಲೈನ್ ತರಬೇತಿಯ ವಿವರ ನೋಡಿ. ಹಾಸನದ ಪ್ರವಾಸೋದ್ಯಮ ಇಲಾಖೆಯ ಕಚೇರಿಗೂ ಹೋಗಿ, ಸದ್ಯದ ನಿಯಮ ಕೇಳಿ. ಆದರೆ ಅದಕ್ಕಿಂತ ಮೊದಲು ಬೇಲೂರಿನಲ್ಲಿ ಈಗಾಗಲೇ ಇರುವ ಗೈಡ್‌ಗಳ ಹತ್ತಿರ ಹೋಗಿ. ಈ ಮಾತನ್ನು ಒತ್ತಿ ಹೇಳುತ್ತೇನೆ. ಅವರಲ್ಲಿ ಎಷ್ಟೋ ಜನಕ್ಕೆ ಇದೊಂದೇ ಅನ್ನ. ಬೆಂಗಳೂರಿನ ಸಂಬಳ ಉಳಿಸಿಕೊಂಡು ಬಂದ ನೀವು ರೇಟು ಇಳಿಸಿ ಅವರ ಗಿರಾಕಿ ಕಿತ್ತುಕೊಂಡರೆ ಅದು ಅನ್ಯಾಯ. ಹಿರಿಯರೊಬ್ಬರನ್ನು ‘ಅಣ್ಣ, ನಿಮ್ಮ ಜೊತೆ ನಾಲ್ಕು ದಿನ ಸುತ್ತುತ್ತೇನೆ’ ಅಂತ ಕೇಳಿ. ಜನರನ್ನು ನೆರಳಲ್ಲಿ ಎಲ್ಲಿ ನಿಲ್ಲಿಸಬೇಕು, ಯಾವ ಹೊತ್ತಿನ ಬಿಸಿಲಿಗೆ ಯಾವ ಗೋಡೆ ಚೆನ್ನಾಗಿ ಕಾಣುತ್ತದೆ, ಇದೆಲ್ಲ ಅವರಿಗೇ ಗೊತ್ತು. ಜರ್ಮನ್ ಮಾತಾಡುವ ತಂಡ ಬಂದಾಗ ಅವರೇ ನಿಮ್ಮನ್ನು ಕರೆಯುವ ಹಾಗಾಗಲಿ.

ಈಗ ದುಡ್ಡು. ನಾನು ಕೆಲಸ ಬಿಟ್ಟಾಗ ಕಂಪನಿಯ ಆರೋಗ್ಯ ವಿಮೆ ಕೊನೆಯ ದಿನಕ್ಕೇ ಮುಗಿಯುತ್ತದೆ ಅನ್ನುವುದನ್ನು ಗಮನಿಸಿರಲಿಲ್ಲ. ಮೂರೇ ತಿಂಗಳಲ್ಲಿ ಅಪ್ಪ ಆಸ್ಪತ್ರೆ ಸೇರಿದರು, ಉಳಿಸಿದ್ದರಲ್ಲಿ ಅರ್ಧ ಅಲ್ಲೇ ಹೋಯಿತು. ನಿಮಗೆ ಹಾಗಾಗುವುದು ಬೇಡ. ಸ್ವಂತ ಪಾಲಿಸಿ ಈಗಲೇ ಮಾಡಿಸಿ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆಲ್ಲ ಕಾಯುವ ಅವಧಿ ಇರುತ್ತದೆ, ಅದು ನೀವು ಕೆಲಸದಲ್ಲಿರುವಾಗಲೇ ಓಡಲಿ. ಪಿಎಫ್ ಮುಟ್ಟಬೇಡಿ. ಈ ಕಸುಬಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ವಿದೇಶಿಯರು ಕಡಿಮೆ. ಆ ನಾಲ್ಕು ತಿಂಗಳಿಗೆ ಅನುವಾದ, ಆನ್‌ಲೈನ್‌ನಲ್ಲಿ ಜರ್ಮನ್ ಪಾಠ ಅಂತ ಇನ್ನೊಂದು ದಾರಿ ಇಟ್ಟುಕೊಳ್ಳಿ. ಒಂದೂವರೆ ವರ್ಷದ ಮನೆ ಖರ್ಚು ಬ್ಯಾಂಕಿನಲ್ಲಿ ಇಲ್ಲದಿದ್ದರೆ, ಆಸೆ ಎಷ್ಟೇ ಇರಲಿ, ಇನ್ನೊಂದು ವರ್ಷ ತಡೆಯಿರಿ.

ಅಮ್ಮನ ಮಾತಿನ ಹಿಂದೆ ಇರುವುದು ಭಯ ಅಂತ ನನಗನ್ನಿಸುತ್ತದೆ. ನಿಮ್ಮನ್ನು ಓದಿಸೋಕೆ ಪಟ್ಟ ಕಷ್ಟ ಅವರಿಗೆ ಇನ್ನೂ ಮರೆತಿಲ್ಲ. ವಾದ ಮಾಡಬೇಡಿ. ಒಂದು ಶನಿವಾರ ಹಳೇಬೀಡಿಗೆ ಕರೆದುಕೊಂಡು ಹೋಗಿ, ಕನ್ನಡದಲ್ಲೇ ತೋರಿಸಿ. ಕೆಳಗಿನ ಆನೆ ಸಾಲಿನಿಂದ ಶುರು ಮಾಡಿ, ಮೇಲಿನ ರಾಮಾಯಣ, ಮಹಾಭಾರತದ ಕಥೆಗೆ ಬನ್ನಿ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ ಅನ್ನುವುದನ್ನೂ ಹೇಳಿ. ಮನೆಗೆ ಬಂದ ಮೇಲೆ ವಿಮೆ, ಉಳಿತಾಯದ ಲೆಕ್ಕವನ್ನೂ ಅವರ ಮುಂದಿಡಿ.

ಕೊನೆಗೆ ತಾರೀಖು. 5 ವರ್ಷ ತುಂಬುವ ಮೊದಲು ಬಿಟ್ಟರೆ ಗ್ರಾಚುಯಿಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಕೈತಪ್ಪಬಹುದು. ಅದು ವರ್ಷಕ್ಕೆ 15 ದಿನದ ವೇತನದ ಲೆಕ್ಕ, ಬಿಡುವಂಥ ಮೊತ್ತವಲ್ಲ. ನೋಟಿಸ್ 90 ದಿನ ಇದ್ದರೆ ಆಗಸ್ಟ್ ಆರಂಭದಲ್ಲಿ ರಾಜೀನಾಮೆ ಕೊಡಿ. ನವೆಂಬರ್ ಹೊತ್ತಿಗೆ ನೀವು ಹಾಸನದಲ್ಲಿರುತ್ತೀರಿ. ವಿದೇಶಿಯರು ಬರುವ ಕಾಲವೂ ಅದೇ.