ವಿಮೆ ಏಜೆಂಟ್ ದುಡ್ಡು ಕೊಟ್ಟು ಲೀಡ್ ತಗೊಂಡರೆ ಗಿಟ್ಟುತ್ತದಾ?

ನಿಮ್ಮ ಪ್ರಶ್ನೆ: ಎಲ್‌ಐಸಿ ಏಜೆನ್ಸಿ ತಗೊಂಡು ಕೆಲವೇ ತಿಂಗಳಾಗಿದೆ, ಒಬ್ಬರು ಲೀಡಿಗೆ 200 ರೂಪಾಯಿಯಂತೆ 100 ಲೀಡ್ ಕೊಡುತ್ತೇನೆ ಅಂತಿದ್ದಾರೆ, ತಗೊಳ್ಳಬಹುದಾ? ಲೀಡ್ ಅಂದರೆ ವಿಮೆಯಲ್ಲಿ ಆಸಕ್ತಿ ಇದೆ ಅಂತ ಫಾರ್ಮ್ ತುಂಬಿದವರ ಹೆಸರು, ನಂಬರ್. ನಾನು ತುಮಕೂರು ಕಡೆ ಬಹಳ ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸದ್ಯಕ್ಕೆ ಬೇಡ ಅನ್ನುವುದು ನನ್ನ ಮಾತು. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

200 ಅಂದರೆ 200 ಅಲ್ಲ. ಬಿಲ್ ಹಾಕಿ ಮಾರುವವರಾದರೆ ಮೇಲೆ ಶೇ. 18 ಜಿಎಸ್‌ಟಿ ಸೇರಿ 236 ಆಗುತ್ತದೆ. ನಮ್ಮ ಕಮಿಷನ್ನಿನ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್‌ನಲ್ಲಿ, ಅಂದರೆ ನಮ್ಮ ಬದಲಿಗೆ, ವಿಮಾ ಕಂಪನಿಯೇ ಕಟ್ಟುತ್ತದೆ. ಹಾಗಾಗಿ ಅಂಗಡಿಯವರ ಥರ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವುದು) ತಗೊಳ್ಳಲು ನಮಗೆ ಬರುವುದಿಲ್ಲ. ಅಷ್ಟೂ ಕೈಯಿಂದ ಹೋಗುವ ದುಡ್ಡು. 100 ಲೀಡಿಗೆ 23,600 ಆಯಿತು.

ಈಗ ಬರುವ ದುಡ್ಡು ನೋಡಿ. 2024ರ ಅಕ್ಟೋಬರ್‌ನಲ್ಲಿ ಸರೆಂಡರ್ ಮೌಲ್ಯದ (ಪಾಲಿಸಿಯನ್ನು ಮಧ್ಯದಲ್ಲೇ ಬಿಟ್ಟರೆ ವಾಪಸ್ ಸಿಗುವ ದುಡ್ಡಿನ) ಹೊಸ ನಿಯಮ ಜಾರಿಗೆ ಬಂದಾಗ, ವಿಮೆಯ ಜೊತೆ ಉಳಿತಾಯವೂ ಇರುವ ದೀರ್ಘಾವಧಿ ಎಂಡೋಮೆಂಟ್ ಪಾಲಿಸಿಗೆ ಏಜೆಂಟರ ಬೋನಸ್ ಸೇರಿ ಶೇ. 35ರವರೆಗೆ ಇದ್ದ ಮೊದಲ ವರ್ಷದ ಕಮಿಷನ್ 28ಕ್ಕೆ ಇಳಿಯಿತು. ವರ್ಷಕ್ಕೆ 25,000 ಕಂತಿನ ಪಾಲಿಸಿ ಮಾಡಿಸಿದರೆ 7,000 ರೂಪಾಯಿ. 3 ಪಾಲಿಸಿಯಾದರೆ 21,000, ಅಂದರೆ ಇನ್ನೂ ನಷ್ಟವೇ. 100ಕ್ಕೆ 4 ಆದರೆ ಮಾತ್ರ ಹಾಕಿದ್ದು ವಾಪಸ್ ಬರುತ್ತದೆ. ಪೆಟ್ರೋಲು, ಓಡಾಟ ಯಾವುದನ್ನೂ ನಾನು ಇದರಲ್ಲಿ ಸೇರಿಸಿಲ್ಲ.

100ರಲ್ಲಿ 4 ಏನು ಮಹಾ ಅನ್ನಿಸಬಹುದು. ಆದರೆ ಆ ಶೀಟ್ ಕೈಗೆ ಬಂದ ಮೇಲೆ ಗೊತ್ತಾಗುತ್ತದೆ. ಹೆಸರು, ನಂಬರ್, ಊರಿನ ಕಾಲಂನಲ್ಲಿ ಬರೀ ‘ಬೆಂಗಳೂರು’, ಆದಾಯ ‘5ರಿಂದ 10 ಲಕ್ಷ’. ಫೇಸ್‌ಬುಕ್ ಫಾರ್ಮ್‌ನಲ್ಲಿ ಹೆಸರು, ನಂಬರ್ ತಾನಾಗಿಯೇ ತುಂಬಿಕೊಂಡಿರುತ್ತವೆ. ಎರಡು ಸಲ ಒತ್ತಿದರೆ ಲೀಡ್ ರೆಡಿ. ಫೋನ್ ಮಾಡಿದರೆ ‘ನಾನು ಯಾವ ಫಾರ್ಮೂ ತುಂಬಿಲ್ವಲ್ಲ ಸರ್’ ಅಂತಾರೆ. ಪಾಪ, ಅವರು ಸುಳ್ಳು ಹೇಳುತ್ತಿಲ್ಲ, ನಿಜಕ್ಕೂ ನೆನಪಿರುವುದಿಲ್ಲ. ನೆನಪಿದ್ದವರು ‘ಬೆಳಗ್ಗಿಂದ ನೀವು ಐದನೆಯವರು’ ಅಂತಾರೆ, ಯಾಕಂದ್ರೆ ಒಂದೇ ಲೀಡನ್ನು ನಾಲ್ಕೈದು ಜನಕ್ಕೆ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲು.

ಐದು ಜನ ಫೋನ್ ಮಾಡಿದ ಮೇಲೆ ಗಿರಾಕಿ ಕೇಳುವ ಮೊದಲ ಮಾತು ‘ಮೊದಲ ಕಂತಲ್ಲಿ ಎಷ್ಟು ಬಿಡ್ತೀರಾ?’ ನನಗೆ ಅತಿ ಹೆಚ್ಚು ಬೇಜಾರಾಗುವುದು ಇಲ್ಲೇ. ಲೀಡಿಗೆ ಹಾಕಿದ ದುಡ್ಡು ತಲೆಯಲ್ಲಿ ಕೊರೆಯುತ್ತಿರುತ್ತದೆ. ಕಮಿಷನ್ನಿನಲ್ಲೇ ಒಂದು ಪಾಲು ಬಿಟ್ಟುಕೊಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅದು ಅಪರಾಧ, 10 ಲಕ್ಷದವರೆಗೆ ದಂಡ ಇದೆ. ಅದೂ ಅಲ್ಲದೆ, ರಿಯಾಯಿತಿಗೋಸ್ಕರ ಪಾಲಿಸಿ ಮಾಡಿಸಿದವರು ಎರಡನೇ ವರ್ಷ ಕಂತು ಕಟ್ಟುವುದು ಅಪರೂಪ. ಬಾಂಡ್ (ಪಾಲಿಸಿ ಪತ್ರ) ಕೈಸೇರಿದ 30 ದಿನದೊಳಗೆ ಫ್ರೀಲುಕ್‌ನಲ್ಲಿ, ಅಂದರೆ ಇಷ್ಟವಾಗಲಿಲ್ಲ ಅಂತ ರದ್ದು ಮಾಡಿಸುವ ಅವಕಾಶದಲ್ಲಿ, ವಾಪಸ್ ಕೊಟ್ಟರಂತೂ ನಿಮಗೆ ಬಂದ ಕಮಿಷನ್ನೂ ಹಿಂದಕ್ಕೆ ಹೋಗುತ್ತದೆ. ಲೀಡಿನ ದುಡ್ಡನ್ನು ಯಾರೂ ವಾಪಸ್ ಕೊಡುವುದಿಲ್ಲ.

ವಾಟ್ಸಾಪ್‌ನಲ್ಲಿ ‘ಐಟಿ ಉದ್ಯೋಗಿಗಳ ಡೇಟಾ, 10 ಸಾವಿರ ನಂಬರ್’ ಅಂತ ಮಾರುವವರ ಕಡೆ ತಲೆಯನ್ನೂ ಹಾಕಬೇಡಿ. ಅದು ಲೀಡೇ ಅಲ್ಲ, ಎಲ್ಲಿಂದಲೋ ಕದ್ದ ಪಟ್ಟಿ. ಆ ಜನ ಡಿಎನ್‌ಡಿಯಲ್ಲಿದ್ದು (ಮಾರಾಟದ ಕರೆ ಬೇಡ ಅಂತ ನೋಂದಾಯಿಸಿಕೊಂಡಿದ್ದು) ಅದರ ದೂರಿನ ನಂಬರ್ 1909ಕ್ಕೆ ದೂರು ಕೊಟ್ಟರೆ ನಿಮ್ಮ ಸಿಮ್ಮಿಗೇ ಕುತ್ತು. ನಿಮ್ಮ ಪಾಲಿಸಿದಾರರಿಗೆ ಕೊಟ್ಟಿರುವ ನಂಬರೂ ಅದೇ ಆಗಿರುತ್ತದೆ, ಅಲ್ವಾ? ಒಪ್ಪಿಗೆಯಿಲ್ಲದೆ ಜನರ ಮಾಹಿತಿ ಬಳಸುವುದಕ್ಕೆ ಕಡಿವಾಣ ಹಾಕಲು 2023ರಲ್ಲಿ ಬೇರೆ ಕಾಯ್ದೆಯೇ ಬಂದಿದೆ.

ಹಾಗಾದರೆ ಹೊಸಬರು ಜನರನ್ನು ಎಲ್ಲಿಂದ ಹುಡುಕಬೇಕು? ನಿಮ್ಮ ಡಿಓ (ಏಜೆಂಟರನ್ನು ನೋಡಿಕೊಳ್ಳುವ ಎಲ್‌ಐಸಿಯ ಡೆವಲಪ್‌ಮೆಂಟ್ ಆಫೀಸರ್) ಹತ್ತಿರ ಹೋಗಿ, ಕಂತು ಕಟ್ಟದೆ ನಿಂತುಹೋದ ಪಾಲಿಸಿಗಳ ಬಗ್ಗೆ ಕೇಳಿ. ಏಜೆಂಟ್ ಕೆಲಸ ಬಿಟ್ಟೋ ತೀರಿಕೊಂಡೋ ದಿಕ್ಕಿಲ್ಲದಂತಾದ ಪಾಲಿಸಿದಾರರು ಪ್ರತಿ ಊರಲ್ಲೂ ಇದ್ದಾರೆ. ಕಟ್ಟದೆ ನಿಂತ ಮೊದಲ ಕಂತಿನಿಂದ ಸಾಮಾನ್ಯವಾಗಿ 5 ವರ್ಷದೊಳಗೆ ಪಾಲಿಸಿಯನ್ನು ಮತ್ತೆ ಜೀವಂತ ಮಾಡಿಸಬಹುದು ಅನ್ನುವುದೇ ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ. ಆ ಕೆಲಸಕ್ಕೆ ನಿಮಗೆ ಕಮಿಷನ್ ಸಿಗದೇ ಇರಬಹುದು. ಆದರೂ ಹೋಗಿ.

ಮೆಚ್ಯೂರಿಟಿ ಬಂದ, ಅಂದರೆ ಪಾಲಿಸಿ ಅವಧಿ ಮುಗಿದು ದುಡ್ಡು ಬರಬೇಕಾದ ಮನೆ ಅದಕ್ಕಿಂತ ಒಳ್ಳೆಯದು. ದುಡ್ಡು ಪಡೆಯಲು ಕೊಡಬೇಕಾದ ಡಿಸ್ಚಾರ್ಜ್ ಫಾರ್ಮ್ ತುಂಬಿಸಿ, ಒರಿಜಿನಲ್ ಬಾಂಡ್ ಹುಡುಕಿಸಿ, ಕ್ಯಾನ್ಸಲ್ ಮಾಡಿದ ಚೆಕ್ ಲಗತ್ತಿಸಿ ನೀವೇ ಬ್ರಾಂಚಿಗೆ ಮುಟ್ಟಿಸಿ. ಬಾಂಡ್ ಬೀರುವಿನ ತಳದಲ್ಲಿ ಹಳೇ ರೇಷನ್ ಕಾರ್ಡಿನ ಜೊತೆ ಇರುತ್ತದೆ, ಹುಡುಕುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿದಿರುತ್ತದೆ. ಅಷ್ಟರಲ್ಲಿ ಮಗಳ ಮದುವೆ ಆಗಿದ್ದು, ಅಳಿಯ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದು ಎಲ್ಲ ಮಾತಿಗೆ ಬರುತ್ತದೆ. ದುಡ್ಡು ಖಾತೆಗೆ ಬಂದ ದಿನ ಅವರೇ ಫೋನ್ ಮಾಡುತ್ತಾರೆ. ಆಗ ಅಳಿಯನ ನಂಬರ್ ಕೇಳಿ. ಅಂಥ ಒಂದು ನಂಬರಿನ ಎದುರು 100 ಲೀಡಿನ ಶೀಟ್ ಏನೂ ಅಲ್ಲ. ನನ್ನ ಪಾಲಿಸಿಗಳಲ್ಲಿ ಮುಕ್ಕಾಲುಪಾಲು ಬಂದದ್ದು ಹೀಗೆ ಒಬ್ಬರಿಂದೊಬ್ಬರಿಗೆ ದಾಟಿಕೊಂಡು.

ಲೀಡ್ ಯಾವತ್ತೂ ಬೇಡ ಅಂತಿಲ್ಲ. ಬೆಂಗಳೂರಿನಂಥ ಊರಿಗೆ ಹೊಸದಾಗಿ ಹೋಗಿದ್ದೀರಿ, ಪರಿಚಯದವರು ಯಾರೂ ಇಲ್ಲ, ರಿನ್ಯೂವಲ್ ಕಮಿಷನ್ (ಹಳೇ ಪಾಲಿಸಿಗಳ ಮುಂದಿನ ಕಂತುಗಳಿಂದ ಬರುವುದು) ಮನೆ ಖರ್ಚಿಗೆ ಸಾಕಾಗಿ ಸ್ವಲ್ಪ ಮಿಗುತ್ತಿದೆ ಅಂದರೆ ಚಿಕ್ಕದಾಗಿ ಪ್ರಯತ್ನಿಸಿ. ಸಾಲ ಮಾಡಿಯಂತೂ ಬೇಡ. ಮೊದಲು 10 ಲೀಡ್ ಮಾತ್ರ ತಗೊಳ್ಳಿ. ಫಾರ್ಮ್ ತುಂಬಿದ ದಿನ, ಸಮಯ ಶೀಟ್‌ನಲ್ಲಿ ಇರಲೇಬೇಕು. ವಾರದ ಹಿಂದಿನದು ಹಳಸಿದ ಹಾಗೆಯೇ. ಎಷ್ಟು ಜನಕ್ಕೆ ಮಾರುತ್ತಾರೆ, ತಪ್ಪು ನಂಬರಿಗೆ ಬದಲಿ ಕೊಡುತ್ತಾರಾ ಅಂತ ಬರಹದಲ್ಲಿ ತಗೊಳ್ಳಿ. ಜನರಿಗೆ ತೋರಿಸಿದ ಜಾಹೀರಾತನ್ನೂ ಕೇಳಿ ನೋಡಿ. ‘ಸರ್ಕಾರಿ ಯೋಜನೆ’ ಅಂತ ಹಾಕಿ ನಂಬರ್ ತಗೊಂಡಿದ್ದರೆ ಆಮೇಲೆ ಬೈಗುಳ ತಿನ್ನುವವರು ನೀವು. ನೀವೇ ಜಾಹೀರಾತು ಹಾಕುವುದಾದರೆ ಮೊದಲೇ ಕಂಪನಿಯ ಲಿಖಿತ ಒಪ್ಪಿಗೆ ಬೇಕು, ಅದನ್ನು ಮರೆಯಬೇಡಿ.

ಅವರು ನಿಮಗೆ ಸ್ಯಾಂಪಲ್ ಶೀಟ್ ಕಳಿಸಿದ್ದರೆ ಜನರ ಹೆಸರು, ನಂಬರ್ ಅಳಿಸಿ ಕಾಲಂಗಳನ್ನಷ್ಟೇ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.