ಕೊರೊನಾ ಪರೀಕ್ಷೆ: ಯಾರಿಗೆ ಪಾಸಿಟಿವ್ ಬರುತ್ತದೆ, ಯಾಕೆ?

ಪ್ರಶ್ನೆ: ಟೊಮೆಟೊ ಮಂಡಿಯಲ್ಲಿ ಕ್ರೇಟ್ ಎತ್ತುವ ಕೆಲಸ ನನ್ನದು. ಕೊರೊನಾ ಜೋರಾಗಿದ್ದಾಗ ಮಂಡಿಗೇ ಬಂದು ಎಲ್ಲರಿಗೂ ಟೆಸ್ಟ್ ಮಾಡಿದ್ದರು. ನೂರಕ್ಕೆ ಎಷ್ಟು ಎಂದು ನೋಡಿದರೆ ನಮ್ಮೂರ ಆರೋಗ್ಯ ಕೇಂದ್ರಕ್ಕಿಂತ ಮಂಡಿಯಲ್ಲೇ ಪಾಸಿಟಿವ್ ಕಡಿಮೆ. ಹಾಗಾದರೆ ಮಂಡಿಯೇ ಸುರಕ್ಷಿತವೇ?
– ಓದುಗರು, ಕೋಲಾರ ತಾಲ್ಲೂಕು

ಉತ್ತರ: ಅಲ್ಲ. ಆ ಎರಡು ಲೆಕ್ಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಆರೋಗ್ಯ ಕೇಂದ್ರಕ್ಕೆ ಬಂದವರು ಜ್ವರವೋ ಕೆಮ್ಮೋ ಇದ್ದೇ ಬಂದವರು. ಮಂಡಿಯಲ್ಲಿ ಸ್ವಾಬ್ ಕೊಟ್ಟವರಲ್ಲಿ ಹೆಚ್ಚಿನವರಿಗೆ ಏನೂ ಆಗಿರಲಿಲ್ಲ. ನಿಜಕ್ಕೂ ಹುಷಾರು ತಪ್ಪಿದವರು ಆ ದಿನ ಕೆಲಸಕ್ಕೇ ಬಂದಿರಲಿಕ್ಕಿಲ್ಲ. ಪಾಸಿಟಿವ್ ಎಷ್ಟು ಎಂದು ಕೇಳುವ ಮೊದಲು ಯಾರನ್ನು ಪರೀಕ್ಷಿಸಿದರು, ಯಾಕೆ ಪರೀಕ್ಷಿಸಿದರು ಎಂದು ಕೇಳಬೇಕು. ಪತ್ರಿಕೆಗಳಲ್ಲಿ ಜಿಲ್ಲೆ ಜಿಲ್ಲೆಗಳ ಪಾಸಿಟಿವಿಟಿ ದರ ಹೋಲಿಸುವಾಗ ಈ ಮಾತು ಬಿಟ್ಟುಹೋಗುತ್ತಿತ್ತು, ಜನ ಸುಮ್ಮನೆ ಹೆದರುತ್ತಿದ್ದರು, ಇಲ್ಲವೇ ಸುಮ್ಮನೆ ಧೈರ್ಯ ತಂದುಕೊಳ್ಳುತ್ತಿದ್ದರು.

ಅಧ್ಯಯನ ಮಾಡುವವರನ್ನೂ ಇದು ದಾರಿ ತಪ್ಪಿಸಬಲ್ಲದು. 2020ರಲ್ಲಿ ಇಂಗ್ಲೆಂಡಿನಲ್ಲಿ ಪರೀಕ್ಷೆಗೆ ಒಳಗಾದ 3,802 ಮಂದಿಯ ಫಲಿತಾಂಶ ನೋಡಿದರು. 587 ಮಂದಿಗೆ ಪಾಸಿಟಿವ್. ಗಂಡಸರಲ್ಲಿ ಶೇ 18.4, ಹೆಂಗಸರಲ್ಲಿ ಶೇ 13.3. ನಗರದವರು, ಬಡ ಬಡಾವಣೆಯವರು, ದಪ್ಪ ಮೈಯವರಲ್ಲಿ ಹೆಚ್ಚು. ಇವೆಲ್ಲ ನಿರೀಕ್ಷಿತವೇ. ಆದರೆ ಸಿಗರೇಟು ಸೇದುವವರಲ್ಲಿ ಪಾಸಿಟಿವ್ ಕಡಿಮೆ ಬಂತು! ಹೊಗೆ ಸೋಂಕನ್ನು ತಡೆಯಿತು ಎಂದು ಇದರಿಂದ ಹೇಳಲಾಗದು. ಸೇದುವವರು ಮೊದಲೇ ಕೆಮ್ಮುತ್ತಿರುತ್ತಾರೆ, ಆ ಕೆಮ್ಮಿಗೇ ಟೆಸ್ಟ್ ಆಗಿ ನೆಗೆಟಿವ್ ಬಂದಿರಬಹುದು. ಅವರ ಗುಂಪಿನಲ್ಲಿ ನೆಗೆಟಿವ್ ರಾಶಿ ಬಿದ್ದಷ್ಟೂ ಪಾಸಿಟಿವ್ ಪಾಲು ಇಳಿಯುತ್ತದೆ. ಬೀಡಿಯನ್ನು ಔಷಧ ಎಂದುಕೊಳ್ಳಬೇಡಿ.

ಗುಂಪುಗಳನ್ನು ಸರಿಯಾಗಿ ಹೋಲಿಸಬೇಕಾದರೆ ಲಕ್ಷಣ ಇರಲಿ ಬಿಡಲಿ, ಒಂದೇ ಕ್ರಮದಲ್ಲಿ ಜನರನ್ನು ಆಯ್ದು ಪರೀಕ್ಷಿಸಬೇಕು. 2020ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಲ್ಲಿ ನಡೆದ ಸಮೀಕ್ಷೆ ಅಂಥದ್ದು. ಗರ್ಭಿಣಿಯರು ಮತ್ತು ಹೊರರೋಗಿಗಳ ಜೊತೆ ಬಂದವರು ಒಂದು ಗುಂಪು; ಬಸ್ ಕಂಡಕ್ಟರ್, ತರಕಾರಿ ಮಾರುವವರು, ಪೌರಕಾರ್ಮಿಕರಂತೆ ದಿನವಿಡೀ ಜನರ ನಡುವೆ ಇರುವವರು ಇನ್ನೊಂದು; ವಯಸ್ಸಾದವರು ಮತ್ತು ಬೇರೆ ಕಾಯಿಲೆ ಇರುವವರು ಮೂರನೆಯದು. ಸ್ವಾಬ್ ಜೊತೆಗೆ ರಕ್ತದಲ್ಲಿನ ಪ್ರತಿಕಾಯವನ್ನೂ ನೋಡಿದ್ದರಿಂದ, ಗೊತ್ತೇ ಆಗದೆ ಸೋಂಕು ಬಂದು ಹೋದವರೂ ಲೆಕ್ಕಕ್ಕೆ ಸಿಕ್ಕರು. ಆಗಲೇ ರಾಜ್ಯದ ಶೇ 27.3 ಮಂದಿಗೆ ಸೋಂಕು ತಗುಲಿತ್ತು ಎಂಬುದು ಅದರ ಅಂದಾಜು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಕಿಟ್ ಕಡಿಮೆ ಇದ್ದು ಮನೆಗಳು ಹೆಚ್ಚಿದ್ದರೆ ಯಾರನ್ನು ಮೊದಲು ಟೆಸ್ಟ್‌ಗೆ ಕಳಿಸಬೇಕು?
– ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಮೊದಲ ಪ್ರಶ್ನೆ ಜ್ವರದ ಬಗ್ಗೆ ಬೇಡ. “ಮನೆಯಲ್ಲಿ ಯಾರಿಗಾದರೂ ಪಾಸಿಟಿವ್ ಬಂದಿದೆಯಾ, ಅವರ ಜೊತೆ ಮಲಗಿದ್ದು ಯಾರು?” ಎಂದು ಕೇಳಿ. 2020ರ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಹರಡಿದ್ದು ಶೇ 37.8, ಮನೆಯ ಉಳಿದವರಿಗೆ ಶೇ 17.8. ವೈರಸ್‌ನ ಒಮೈಕ್ರಾನ್ ತಳಿ ಬಂದ ಮೇಲೆ ಮನೆಯೊಳಗಿನ ಹರಡುವಿಕೆ ಇನ್ನೂ ಏರಿತು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಗೂಡು ಬಿಡಿಸುವ ದಿನಗಳಿದ್ದರೆ ಅದನ್ನೂ ವಿಚಾರಿಸಿ. ಕಿಟಕಿ ಮುಚ್ಚಿದ ಕೋಣೆ, ಗಂಟೆಗಟ್ಟಲೆ ಒಟ್ಟಿಗೆ: ಇವೆರಡು ಸೇರಿದರೆ ಅಪಾಯ ಹೆಚ್ಚು.

ಲಕ್ಷಣಗಳಲ್ಲಿ ವಾಸನೆ ಹೋಗುವುದು ಮೊದಮೊದಲು ಬಹಳ ಗಟ್ಟಿ ಸುಳಿವಾಗಿತ್ತು. 2020ರಲ್ಲಿ ಲಕ್ಷಣಗಳನ್ನು ದಾಖಲಿಸುವ ಆ್ಯಪ್‌ನಲ್ಲಿ ವಿವರ ಕೊಟ್ಟವರಲ್ಲಿ ಪಾಸಿಟಿವ್ ಬಂದ ಶೇ 65 ಮಂದಿಗೆ ವಾಸನೆ ಅಥವಾ ರುಚಿ ಹೋಗಿತ್ತು, ನೆಗೆಟಿವ್ ಬಂದವರಲ್ಲಿ ಶೇ 22ರಷ್ಟು ಮಂದಿಗೆ ಮಾತ್ರ. ಡೆಲ್ಟಾ ತಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ವಾಸನೆ ಹೋದರೆ, ಒಮೈಕ್ರಾನ್‌ನಲ್ಲಿ ಆರರಲ್ಲಿ ಒಬ್ಬರದು. ಗಂಟಲು ನೋವು ಹೆಚ್ಚಾಯಿತು. ಆದ್ದರಿಂದ “ಒಗ್ಗರಣೆ ವಾಸನೆ ಬರ್ತಿದೆ, ನನಗೆ ಕೊರೊನಾ ಇಲ್ಲ” ಎನ್ನುವವರನ್ನು ಈಗ ಹಾಗೇ ಬಿಡಬೇಡಿ. ವಯಸ್ಸಾದವರಲ್ಲಿ ಜ್ವರವೇ ಇರದೆ, ಊಟ ಬಿಡುವುದು, ಎಡವುವುದು, ಮಾತು ತಡವರಿಸುವುದು ಮಾತ್ರ ಕಾಣಬಹುದು.

ಪ್ರಶ್ನೆ: ಅಮ್ಮನಿಗೆ ಜ್ವರ, ಮೈಕೈ ನೋವು. ಮನೆಯಲ್ಲಿ ತಮ್ಮನಿಗೆ ಪಾಸಿಟಿವ್. ಅಮ್ಮನ ರ‍್ಯಾಪಿಡ್ ಟೆಸ್ಟ್ ನೆಗೆಟಿವ್. ನಂಬಬಹುದೇ?
– ಓದುಗರು, ಮುಳಬಾಗಿಲು

ಉತ್ತರ: ನಂಬಬೇಡಿ, ಆರ್‌ಟಿ-ಪಿಸಿಆರ್ (ಲ್ಯಾಬ್ ಪರೀಕ್ಷೆ) ಮಾಡಿಸಿ. ಲಕ್ಷಣ ಇದ್ದು ರ‍್ಯಾಪಿಡ್ ನೆಗೆಟಿವ್ ಆದರೆ ಹಾಗೆ ಮಾಡಬೇಕೆಂದು ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಹೇಳಿತ್ತು. ಕಾರಣ ಲೆಕ್ಕದಲ್ಲಿದೆ. ಸೋಂಕಿರುವ 100ರಲ್ಲಿ 60 ಮಂದಿಯನ್ನು ಹಿಡಿಯುವ, ಸೋಂಕಿಲ್ಲದ 100ರಲ್ಲಿ ಒಬ್ಬರನ್ನು ತಪ್ಪಾಗಿ ಪಾಸಿಟಿವ್ ಎನ್ನುವ ಕಿಟ್ ಎಂದಿಟ್ಟುಕೊಳ್ಳಿ. ನಿಮ್ಮ ಅಮ್ಮನಂಥ ಸ್ಥಿತಿಯ 1,000 ಮಂದಿಯಲ್ಲಿ 300 ಮಂದಿಗೆ ಸೋಂಕಿದ್ದರೆ ಕಿಟ್ 180 ಮಂದಿಯನ್ನು ಹಿಡಿದು 120 ಮಂದಿಯನ್ನು ಬಿಡುತ್ತದೆ. ನೆಗೆಟಿವ್ ಬಂದ ಒಟ್ಟು 813ರಲ್ಲಿ ಈ 120 ಮಂದಿ ಇರುತ್ತಾರೆ, ಅಂದರೆ ಸುಮಾರು ಏಳಕ್ಕೊಬ್ಬರು.

ಅದೇ ಕಿಟ್ಟನ್ನು ಲಕ್ಷಣವೂ ಇಲ್ಲದ, ಸಂಪರ್ಕವೂ ಇಲ್ಲದ 1,000 ಮಂದಿಗೆ ಬಳಸಿ, ಸೋಂಕಿರುವವರು 20 ಮಂದಿ ಎನ್ನಿ. ಆಗ 12 ನಿಜ ಪಾಸಿಟಿವ್, ಸುಮಾರು 10 ಸುಳ್ಳು ಪಾಸಿಟಿವ್. ಕಿಟ್ ಬದಲಾಗಿಲ್ಲ, ಫಲಿತಾಂಶದ ಅರ್ಥ ಬದಲಾಯಿತು.

ಮನೆಯಲ್ಲೇ ಮಾಡಿದ್ದರೆ ಕೈತಪ್ಪೂ ಇರಬಹುದು. ಕಡ್ಡಿಯನ್ನು ಮೂಗಿನ ಹೊಳ್ಳೆಯ ಅಂಚಿಗೆ ತಾಗಿಸಿ ತೆಗೆದರೆ ಸಾಲದು: 2ರಿಂದ 4 ಸೆಂ.ಮೀ. ಒಳಗೆ, ಎರಡೂ ಹೊಳ್ಳೆಯಲ್ಲಿ ಗೋಡೆಗೆ ಒತ್ತಿ ಐದೈದು ಸುತ್ತು ತಿರುಗಿಸಬೇಕು. ಟ್ಯೂಬಿನ ದ್ರವದಲ್ಲಿ ಕಡ್ಡಿ ತಿರುಗಿಸಿ, ಟ್ಯೂಬನ್ನು ಹೊರಗಿನಿಂದ ಹಿಂಡಿ, ಕಿಟ್ಟಿನಲ್ಲಿ ಹೇಳಿದಷ್ಟೇ ಹನಿ ಹಾಕಿ. ಹೆಚ್ಚಿನ ಕಿಟ್‌ಗಳನ್ನು 15 ನಿಮಿಷಕ್ಕೆ ನೋಡಬೇಕು. ಅರ್ಧ ಗಂಟೆ ಬಿಟ್ಟು ಕಾಣುವ ಮಸುಕು ಗೆರೆಗೆ ಬೆಲೆ ಇಲ್ಲ. ‘ಸಿ’ ಗೆರೆ ಮೂಡದಿದ್ದರೆ ಆ ಟೆಸ್ಟೇ ಕೆಟ್ಟಿದೆ, ಹೊಸ ಕಿಟ್ ತೆಗೆಯಿರಿ.

ಪ್ರಶ್ನೆ: ಸಕ್ಕರೆ ಕಾಯಿಲೆ ಇದ್ದರೆ ಪಾಸಿಟಿವ್ ಬರುವುದು ಖಚಿತವೇ?
– ಓದುಗರು, ಬಂಗಾರಪೇಟೆ

ಉತ್ತರ: ಇಲ್ಲ. ಸೋಂಕು ತಗುಲುವುದು ಬಹುಪಾಲು ನೀವು ಯಾರ ಜೊತೆ, ಎಲ್ಲಿ, ಎಷ್ಟು ಹೊತ್ತು ಇದ್ದಿರಿ ಎಂಬುದರ ಮೇಲೆ. ತಗುಲಿದ ಮೇಲೆ ಬಿಗಡಾಯಿಸುವುದರಲ್ಲಿ ಸಕ್ಕರೆ ಕಾಯಿಲೆಯ ಪಾತ್ರ ದೊಡ್ಡದು. ಡಯಾಲಿಸಿಸ್‌ಗೆ ಹೋಗುವವರ ವಿಷಯ ಬೇರೆ: ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಕೂರಲೇಬೇಕು, ಆದ್ದರಿಂದ ಅವರಿಗೆ ಎರಡೂ ಅಪಾಯ.

ಪ್ರಶ್ನೆ: ಗುಣವಾಗಿ ಮೂರು ವಾರವಾದರೂ ಆರ್‌ಟಿ-ಪಿಸಿಆರ್ ಪಾಸಿಟಿವ್ ಎನ್ನುತ್ತಿದೆ.
– ಓದುಗರು, ಚಿಂತಾಮಣಿ

ಉತ್ತರ: ಸತ್ತ ವೈರಸ್‌ನ ತುಣುಕುಗಳನ್ನೂ ಈ ಪರೀಕ್ಷೆ ಹಿಡಿಯುತ್ತದೆ, ಕೆಲವರಲ್ಲಿ ಮೂರು ತಿಂಗಳವರೆಗೂ. ಲಕ್ಷಣ ಹೋಗಿದ್ದರೆ ಮತ್ತೆ ಮತ್ತೆ ಸ್ವಾಬ್ ಕೊಡಬೇಡಿ. ಆ ಅವಧಿಯಲ್ಲಿ ಹೊಸದಾಗಿ ಜ್ವರ ಬಂದರೆ ರ‍್ಯಾಪಿಡ್ ಟೆಸ್ಟೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.