ಕೆಂಪು ಗೆರೆ ಎಳೆದ ಒಂದು ಸಾಲು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ದಕ್ಷಿಣ ಕೊಡಗಿನ ಕಾಫಿ ತೋಟವೊಂದರಲ್ಲಿ ಅವರು ರೈಟರ್, ಎಂದರೆ ಹಾಜರಿ ಪುಸ್ತಕ ಬರೆಯುವವರು. ವಯಸ್ಸು ನಲವತ್ತರ ಆಸುಪಾಸು. ಕುಳಿತುಕೊಳ್ಳುವುದಕ್ಕೇ ಹೊತ್ತು ಹಿಡಿಯಿತು: ಮೊದಲು ಕುರ್ಚಿಯ ಕೈ, ಆಮೇಲೆ ಹೆಂಡತಿಯ ಭುಜ, ಕೊನೆಗೆ ಉಸಿರು ಬಿಗಿಹಿಡಿದು ಸೊಂಟ. ಸೊಂಟನೋವಿಗೆ ಕಟ್ಟಿದ ಬೆಲ್ಟನ್ನು ಚರ್ರೆಂದು ಬಿಚ್ಚಿ ಮತ್ತೆ ಬಿಗಿದುಕೊಂಡರು. ಕೈಯಲ್ಲಿ ಎಂಆರ್‌ಐ ವರದಿ. ‘ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ, ಉಬ್ಬಿದೆ’ ಎಂಬರ್ಥದ ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ.

ರೋಬಸ್ಟಾ ಕೊಯ್ಲಿನಲ್ಲಿ ಮೂಟೆಗೆ ಕೈಕೊಟ್ಟಾಗ ಸೊಂಟ ಹಿಡಿದದ್ದು. ನಾಲ್ಕು ತಿಂಗಳಾಯಿತು, ಹೆಚ್ಚಿನ ಹೊತ್ತು ಹಾಸಿಗೆಯಲ್ಲೇ. ‘ಮನಸ್ಸಿನದೂ ಇರಬಹುದು’ ಎಂದು ಯಾರೋ ನನ್ನ ಬಳಿ ಕಳಿಸಿದ್ದರು.

“ಮಲಗಿಸಿ, ಕಾಲೆತ್ತಿ ಯಾರಾದರೂ ನೋಡಿದರೇ?” ಎಂದು ಕೇಳಿದೆ.

“ಸ್ಕ್ಯಾನ್ ಮಾಡಿದ್ದಾರಲ್ಲ ಮೇಡಂ,” ಎಂದರು ಹೆಂಡತಿ.

ಕೈಯಿಟ್ಟು ನೋಡದ ನೋವಿಗೆ ಸಮಾಧಾನ ಹೇಳಲು ನನಗೆ ಹೆದರಿಕೆ. ಪಕ್ಕದ ಕೋಣೆಯ ವೈದ್ಯರಲ್ಲಿಗೆ ಕರೆದೊಯ್ದೆ, ರೈಟರ್ ಅವರ ಒಪ್ಪಿಗೆ ಪಡೆದು ಅಲ್ಲೇ ನಿಂತೆ.

ವೈದ್ಯರು ವರದಿ ಬಿಚ್ಚಲಿಲ್ಲ. ಮೂತ್ರ ಕಟ್ಟುತ್ತಿದೆಯೇ, ಹತೋಟಿ ತಪ್ಪುತ್ತಿದೆಯೇ, ತೊಡೆಸಂದು ಮರಗಟ್ಟಿದೆಯೇ, ಜ್ವರ, ತೂಕ ಇಳಿತ, ಹಿಂದೆ ಕ್ಯಾನ್ಸರ್, ಬಿದ್ದ ಪೆಟ್ಟು, ಸ್ಟೆರಾಯ್ಡ್ ಮಾತ್ರೆ? ಯಾವುದೂ ಇಲ್ಲ. ಹಿಮ್ಮಡಿಯ ಮೇಲೆ, ತುದಿಗಾಲಿನ ಮೇಲೆ ನಡೆಸಿದರು. ಹೆಬ್ಬೆರಳಿನ ಬಲ, ಸುತ್ತಿಗೆಯ ತಟ್ಟಿಗೆ ಮಂಡಿ ಮತ್ತು ಹಿಮ್ಮಡಿಯ ಸ್ಪಂದನ, ಎಲ್ಲ ಸರಿ. ಮಲಗಿಸಿ ಕಾಲೆತ್ತಿದಾಗ ಮೂವತ್ತು ಡಿಗ್ರಿಗೇ “ಅಯ್ಯೋ” ಎಂದರು. ಆದರೆ ನೋವು ಸೊಂಟದಲ್ಲಿ ಮಾತ್ರ, ನರ ಒತ್ತಿಕೊಂಡಾಗ ಆಗುವಂತೆ ಮಂಡಿಯಿಂದ ಕೆಳಗಿಳಿಯಲಿಲ್ಲ. ಆಮೇಲೆ ಮಂಚದ ಅಂಚಿನಲ್ಲಿ ಕೂರಿಸಿ, ಕಾಫಿ ಧಾರಣೆ ಕೇಳುತ್ತಾ, ಪಾದ ನೋಡುವವರಂತೆ ಅದೇ ಕಾಲನ್ನು ನೇರವಾಗಿ ಚಾಚಿಸಿದರು. ಮಲಗಿ ಕಾಲೆತ್ತಿದಾಗಿನಂಥದೇ ಎಳೆತ, ಆದರೂ ರೈಟರ್ ಧಾರಣೆಯ ಮಾತು ನಿಲ್ಲಿಸಲೇ ಇಲ್ಲ.

ಇದನ್ನು ನಟನೆ ಎನ್ನುವವರಿದ್ದಾರೆ. ನನಗೆ ಕಂಡದ್ದು ಭಯ. ನೋವು ನಿಜ, ಅದು ಬರುವ ಮುನ್ನವೇ ದೇಹ ಬಿಗಿದುಕೊಳ್ಳುತ್ತಿತ್ತು.

ನನ್ನ ಕೋಣೆಗೆ ಮರಳಿದ ಮೇಲೆ ಕೇಳಿದೆ: “ಈ ನೋವು ಮುಂದೆ ಏನಾಗಬಹುದು ಎಂದುಕೊಂಡಿದ್ದೀರಿ?” ತುಂಬಾ ಹೊತ್ತು ಸುಮ್ಮನಿದ್ದರು. ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ತಂದೆ ಮತ್ತೆ ಏಳಲಿಲ್ಲವಂತೆ. ಕೆಲಸ ಹೋದರೆ ತೋಟದವರು ಕೊಟ್ಟ ಮನೆಯೂ ಹೋಗುತ್ತದೆ. ಇದು ಯಾವ ಸ್ಕ್ಯಾನಿನಲ್ಲೂ ಬರುವುದಿಲ್ಲ.

ಕೆಂಪು ಗೆರೆಯ ಸಾಲನ್ನು ಆಗ ಎತ್ತಿಕೊಂಡೆವು. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿತ್ತು. ಅದರ ಲೆಕ್ಕದಲ್ಲಿ ನಲವತ್ತರ ವಯಸ್ಸಿಗೆ ಶೇ. 68 ಮಂದಿಗೆ ಡಿಸ್ಕ್ ಸವೆತ, ಶೇ. 50 ಮಂದಿಗೆ ಉಬ್ಬು. “ತಲೆಗೂದಲು ನರೆತ ಹಾಗೆಯೇ?” ಎಂದರು. ಅಷ್ಟು ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ವೈದ್ಯರೊಂದಿಗೆ ಮಾತಾಡಿ ಕೊಟ್ಟ ಸಲಹೆ ಇಷ್ಟು: ಹಗಲು ಮಲಗುವುದು ಬೇಡ. ದಿನಕ್ಕೆ ಎರಡು ಸಲ ಕಣದ ಸುತ್ತ ಹತ್ತು ನಿಮಿಷ ನಡಿಗೆ, ವಾರಕ್ಕೆ ಐದು ನಿಮಿಷ ಹೆಚ್ಚಳ. ನೋವು ಕಡಿಮೆಯಿದ್ದ ದಿನ ಹುಮ್ಮಸ್ಸಿನಲ್ಲಿ ದುಪ್ಪಟ್ಟು ಬೇಡ. ಪೂರ್ತಿ ಗುಣವಾಗಲೆಂದು ಕಾಯದೆ ಹಾಜರಿ ಪುಸ್ತಕದ ಕೆಲಸಕ್ಕೆ ಹೋಗಬೇಕು, ಮೂಟೆ ಸದ್ಯಕ್ಕೆ ಬೇಡ. ಬೆಲ್ಟನ್ನು ದಿನಕ್ಕಿಷ್ಟೆಂದು ಬಿಡುತ್ತಾ ಬರಬೇಕು. ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ, ಕಾಲು ಸೋತರೆ ರಾತ್ರಿಯಾದರೂ ಆಸ್ಪತ್ರೆಗೆ. ಇದನ್ನು ಹೆಂಡತಿಗೂ ಬಾಯಿಪಾಠ ಮಾಡಿಸಿದೆ.

ಎಂಟು ವಾರಗಳ ನಂತರ ಬಂದಾಗ ನೋವು ಪೂರ್ತಿ ಹೋಗಿರಲಿಲ್ಲ, ಆದರೆ ದಿನವೂ ಕೆಲಸಕ್ಕೆ ಹೋಗುತ್ತಿದ್ದರು. ಬೆಲ್ಟ್ ಮಡಿಕೇರಿ ಬಸ್ಸಿನಲ್ಲಿ ಮಾತ್ರವಂತೆ. ಆ ತಿರುವುಗಳನ್ನು ನೆನೆದು ನಾನೂ ಬೇಡವೆನ್ನಲಿಲ್ಲ.